ಜಪಾನಿನಲ್ಲಿ ಸಾವಿನ ಮನೆಗೆ ಹೋಗಬೇಕು, ಹೋಗಿ ಬಂದವರು ಹೇಳಿ

ಕವಾಸಾಕಿ ಹೊಸಬ:
ನಮ್ಮ ಟೀಮ್ ಲೀಡರ್ ತಂದೆ ತೀರಿಕೊಂಡಿದ್ದಾರೆ. ನಾಳೆ ಸಂಜೆ ಒತ್ಸುಯಾ, ಅಂದರೆ ದಹನದ ಹಿಂದಿನ ಸಂಜೆ ಅಂತಿಮ ದರ್ಶನಕ್ಕೆ ಸೇರುವುದು. ನಾಡಿದ್ದು ದಹನ. ಬೌದ್ಧ ಪದ್ಧತಿ ಅಂತಷ್ಟೇ ಗೊತ್ತು. ಆಫೀಸಿನವರೆಲ್ಲ ಸಂಜೆಗೆ ಹೋಗುತ್ತಿದ್ದಾರೆ. ದುಡ್ಡು ಎಷ್ಟು ಇಡಬೇಕು, ಬಟ್ಟೆ ಯಾವುದು, ಊಟಕ್ಕೆ ಕೂರಬೇಕಾ, ವಾಪಸ್ ಬಂದು ಸ್ನಾನ ಮಾಡಬೇಕಾ?

ಯೊಕೊಹಾಮಾ ವಾಸಿ:
ಮೊದಲು ಬಂದಿರುವ ಸುದ್ದಿಯನ್ನು ಇನ್ನೊಮ್ಮೆ ಓದಿ. ಸಾವಿನ ಮನೆಗೆ ಕೊಡುವ ದುಡ್ಡಿಗೆ ಕೋದೆನ್ ಅನ್ನುತ್ತಾರೆ. 'ಕೋದೆನ್ ಬೇಡ' ಅಂತ ಬರೆದಿದ್ದರೆ ಒಯ್ಯಲೇಬೇಡಿ. ಈಗೀಗ ಹಾಗೆ ಬರೆಯುವವರು ಜಾಸ್ತಿ.

ಬರೆದಿಲ್ಲ ಅಂದರೆ ಯಾವುದಾದರೂ ಕನ್ವೀನಿಯನ್ಸ್ ಸ್ಟೋರಿನಲ್ಲಿ ಕಪ್ಪು-ಬಿಳಿ ದಾರದ ಕವರ್ ಸಿಗುತ್ತದೆ. ಸಹೋದ್ಯೋಗಿಯ ತಂದೆಗೆ 5,000 ಯೆನ್ ಸಾಕು. ಧಾರಾಳ ತೋರಿಸಲು ಹೋಗಬೇಡಿ. ನೀವು ಕೊಟ್ಟದ್ದರಲ್ಲಿ ಸುಮಾರು ಅರ್ಧ ಬೆಲೆಯ ಉಡುಗೊರೆಯನ್ನು ಅವರು ವಾಪಸ್ ಕಳಿಸಬೇಕು, ಅವರಿಗೇ ತಲೆನೋವು. ಗರಿಗರಿ ಹೊಸ ನೋಟು ಬೇಡ. ಸಾವನ್ನೇ ಕಾಯ್ದುಕೊಂಡು ಎತ್ತಿಟ್ಟ ಹಾಗೆ ಕಾಣುತ್ತದಂತೆ. ಹೊಸದೇ ಇದ್ದರೆ ಒಂದು ಸಲ ಮಡಚಿ ಇಡಿ.

ಕವರಿನ ಮೇಲೆ 'ಗೊಕೋದೆನ್' ಅಂತ ಅಚ್ಚಾಗಿರುವುದನ್ನೇ ಕೇಳಿ ತೆಗೆದುಕೊಳ್ಳಿ. ಪಕ್ಕದಲ್ಲೇ 'ಗೊರೈಜೆನ್' ಅಂತಲೂ ಇರುತ್ತದೆ. ಅದು ಅಲೆಯುತ್ತಿರುವ ಆತ್ಮಕ್ಕೆ ಕೊಡುವ ಲೆಕ್ಕ. ಜೋದೋ ಶಿನ್‌ಶೂ ಪಂಥದವರಿಗೆ ಇದು ಸರಿಬರುವುದಿಲ್ಲ. ಸತ್ತ ಕ್ಷಣವೇ ಅಮಿತಾಭ ಬುದ್ಧನ ಲೋಕ ಸೇರಿದರು ಅನ್ನುವುದು ಅವರ ನಂಬಿಕೆ. ಮನೆಯವರು ಯಾವ ಪಂಥ ಅಂತ ನಿಮಗೆ ಗೊತ್ತಿಲ್ಲವಲ್ಲ, ಎಲ್ಲ ಬೌದ್ಧರಿಗೂ ನಡೆಯುವುದನ್ನೇ ಒಯ್ಯಿರಿ.

ಬಟ್ಟೆ ಕಪ್ಪು ಸೂಟು, ಬಿಳಿ ಶರ್ಟು, ಕಪ್ಪು ಟೈ, ಕಪ್ಪು ಸಾಕ್ಸು. ಬಾಗಿಲಲ್ಲಿ ಕವರನ್ನು ಎರಡೂ ಕೈಯಲ್ಲಿ ಕೊಟ್ಟು 'ಗೊಶೂಶೋಸಾಮಾ ದೆಸು' ಅನ್ನಿ, ಸಂತಾಪ ಹೇಳುವ ಮಾತು ಅದು. ಗಟ್ಟಿಯಾಗಿ ಅಲ್ಲ, ಕೊನೆ ಅಕ್ಷರ ನುಂಗಿಕೊಂಡ ಹಾಗೆ. ಹೇಗೆ ಹೋದರು, ಏನು ಕಾಯಿಲೆ ಅಂತ ನಮ್ಮ ಕಡೆ ಕೇಳುವುದು ಮರ್ಯಾದೆ. ಇಲ್ಲಿ ಕೇಳಬಾರದು.

ಒಳಗೆ ಧೂಪ ಹಾಕುವ ಸರದಿ ಬರುತ್ತದೆ. ಮನೆಯವರಿಗೆ ಬಾಗಿ, ಫೋಟೋಗೆ ಬಾಗಿ. ಧೂಪದ ಪುಡಿಯನ್ನು ಮೂರು ಬೆರಳಲ್ಲಿ ಚಿಟಿಕೆ ತೆಗೆದು, ಹಣೆಯ ಹತ್ತಿರ ತಂದು, ಕೆಂಡಕ್ಕೆ ಹಾಕಿ. ಒಂದು ಸಲವೋ ಎರಡೋ ಮೂರೋ ಅನ್ನುವುದು ಪಂಥಕ್ಕೆ ಬಿಟ್ಟದ್ದು. ಶಿಂಗೊನ್‌ನವರು ಮೂರು, ಶಿನ್‌ಶೂದವರು ಹಣೆಗೆ ಎತ್ತುವುದೇ ಇಲ್ಲ. ಮುಂದಿನವರನ್ನು ನೋಡಿ ಹಾಗೇ ಮಾಡಿ. ಜಪಾನೀಯರೂ ಅದನ್ನೇ ಮಾಡುವುದು.

ಮಂಡ್ಯ ಟು ಚಿಬಾ:
ಊಟ ಬಿಟ್ಟುಬಿಟ್ಟರಲ್ಲ! ಮುಗಿದ ಮೇಲೆ ಪಕ್ಕದ ಕೋಣೆಗೆ ಕರೆಯುತ್ತಾರೆ. ಸುಶಿ, ಬಿಯರ್ ಎಲ್ಲ ಇರುತ್ತದೆ. ಈ ತೋಕಿಯೋ ಕಡೆ ಒಂದು ತುತ್ತಾದರೂ ತಿನ್ನದೆ ಹೊರಟರೆ ಚೆನ್ನಾಗಿರುವುದಿಲ್ಲ. ಒಸಾಕಾ ಕಡೆ ಅದು ನೆಂಟರಿಗೆ ಮಾತ್ರ. ಸಸ್ಯಾಹಾರಿಯಾದರೆ ಸೌತೆಕಾಯಿ ಸುಶಿ ಹುಡುಕಿ, ಟೀ ಕುಡಿದು ಏಳಿ.

ಸ್ನಾನ ಬೇಕಿಲ್ಲ. ಹೊರಡುವಾಗ ಕೊಡುವ ಚೀಲದಲ್ಲಿ ಚಿಕ್ಕ ಉಪ್ಪಿನ ಪೊಟ್ಟಣ ಇದ್ದರೆ, ಹೊಸಿಲು ದಾಟುವ ಮುಂಚೆ ಮೈಮೇಲೆ ಚಿಮುಕಿಸಿಕೊಳ್ಳಿ. ಇಲ್ಲದಿದ್ದರೆ ಸುಮ್ನೆ ಒಳಗೆ ಹೋಗಿ. ಶಿನ್‌ಶೂದವರು ಸಾವಿಗೆ ಮೈಲಿಗೆಯೇ ಇಲ್ಲ ಅನ್ನುತ್ತಾರೆ, ಉಪ್ಪು ಕೊಡುವುದಿಲ್ಲ.

ತುಮಕೂರು ಹುಡುಗ:
ಹೊರಗಿನವನ ಪ್ರಶ್ನೆ. ಬುದ್ಧ ಆತ್ಮ ಅನ್ನುವ ಗಟ್ಟಿ ವಸ್ತು ಇಲ್ಲ ಅಂದವನು ಅಲ್ವಾ? ಮತ್ತೆ ಉಪ್ಪು, ಅಲೆಯುವ ಆತ್ಮ, ಇದೆಲ್ಲ ಎಲ್ಲಿಂದ ಬಂತು?

ಸೈತಾಮಾ ಸೊಸೆ:
ನಮ್ಮ ಮಾವನವರು ಹೋದಾಗ ನನಗೂ ಇದೇ ಅನ್ನಿಸಿತ್ತು. ಸತ್ತವರಿಗೆ 49 ದಿನದ ದಾರಿ. ಏಳು ದಿನಕ್ಕೊಮ್ಮೆ ವಿಚಾರಣೆ, 35ನೇ ದಿನ ಎನ್ಮಾ ಎದುರು ನಿಲ್ಲಬೇಕು. ಎನ್ಮಾ ಬೇರೆ ಯಾರೂ ಅಲ್ಲ, ನಮ್ಮ ಯಮನೇ. ಚೀನಾ ಸುತ್ತಿ ಬಂದು ನ್ಯಾಯಾಧೀಶನಾಗಿದ್ದಾನೆ. ನಮ್ಮ ವೈತರಣಿಯ ಹಾಗೆ ಸಾನ್ಜು ಅನ್ನುವ ನದಿ ಇದೆ. ದಾಟಲು ಆರು ಕಾಸು. ಈಗ ಲೋಹ ಸುಡಲು ಬಿಡುವುದಿಲ್ಲ, ಕಾಸಿನ ಚಿತ್ರ ಅಚ್ಚಾದ ಕಾಗದ ಇಡುತ್ತಾರೆ. ಹೆಣದ ತಲೆ ಉತ್ತರಕ್ಕೆ. ಬುದ್ಧ ಕುಶಿನಗರದಲ್ಲಿ ಹಾಗೆ ಮಲಗಿ ಕಣ್ಣು ಮುಚ್ಚಿದ ಅಂತ. ಅದಕ್ಕೇ ಬದುಕಿರುವವರು ಇಲ್ಲೂ ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ. ಅನಾತ್ಮ ಏನಿದ್ದರೂ ಗುರುಗಳ ಪಾಠ. ಮನೆಯವರಿಗೆ ಬೇಕಿರುವುದು ಅಪ್ಪ ಸುಖವಾಗಿ ತಲುಪಿದರು ಅನ್ನುವ ಧೈರ್ಯ. ನಮ್ಮ ವೈಕುಂಠ ಸಮಾರಾಧನೆಯಲ್ಲಿ ಅದ್ವೈತ ಹುಡುಕುತ್ತೀರಾ?

ಹೊಸಬರೇ, ದಹನಕ್ಕೆ ನೀವು ಹೋಗುವುದಿಲ್ಲ, ಅದು ಹತ್ತಿರದವರಿಗೆ. ಆದರೂ ಹೇಳುತ್ತೇನೆ. ಒಲೆಯಿಂದ ತಟ್ಟೆ ಹೊರಗೆ ಬಂದಾಗ ಇನ್ನೂ ಬಿಸಿ ಹೊಡೆಯುತ್ತಿರುತ್ತದೆ. ಇಬ್ಬಿಬ್ಬರು ಚಾಪ್‌ಸ್ಟಿಕ್ ಹಿಡಿದು ಒಂದೇ ಮೂಳೆಯನ್ನು ಒಟ್ಟಿಗೆ ಎತ್ತಿ ಭರಣಿಗೆ ಹಾಕಬೇಕು. ಕಾಲಿನಿಂದ ಶುರು, ತಲೆ ಮೇಲೆ ಬರಬೇಕಲ್ಲ. ಕೊನೆಗೆ ಕತ್ತಿನ ಒಂದು ಮೂಳೆ, ಕೂತ ಬುದ್ಧನ ಹಾಗೆ ಕಾಣುತ್ತದೆ ಅಂತ ಅಲ್ಲಿನ ಸಿಬ್ಬಂದಿ ಎತ್ತಿ ತೋರಿಸಿದರು. ನಮ್ಮೂರಲ್ಲಿ ಹೆಂಗಸರು ಸ್ಮಶಾನದ ಗೇಟು ದಾಟುವುದಿಲ್ಲ. ಇಲ್ಲಿ ನನ್ನ ಕೈಗೂ ಚಾಪ್‌ಸ್ಟಿಕ್ ಕೊಟ್ಟರು. ಸೊಸೆಯೂ ಮನೆಯವಳು ಅಂತ ಅವತ್ತು ನನಗೆ ಅನ್ನಿಸಿದಷ್ಟು ಮದುವೆಯ ದಿನವೂ ಅನ್ನಿಸಿರಲಿಲ್ಲ. ಊಟದಲ್ಲಿ ಒಬ್ಬರ ಚಾಪ್‌ಸ್ಟಿಕ್‌ನಿಂದ ಇನ್ನೊಬ್ಬರದಕ್ಕೆ ಏನನ್ನೂ ದಾಟಿಸಬೇಡಿ ಅನ್ನುವುದು ಇದಕ್ಕೇ. ನಾಳೆ ಆ ಸುಶಿ ತಟ್ಟೆ ಮುಂದೆ ಇದು ನೆನಪಿರಲಿ.

ಬೇಜಾರಿರುವುದು ಒಂದೇ, ಸತ್ತವರಿಗೆ ಇಡುವ ಹೊಸ ಹೆಸರು. ಹೆಸರಿನ ದರ್ಜೆ ಏರಿದಂತೆ ದೇವಸ್ಥಾನಕ್ಕೆ ಕೊಡುವ ಕಾಣಿಕೆಯೂ ಏರುತ್ತದೆ. ಇಲ್ಲಿನವರೇ ಗೊಣಗುತ್ತಾರೆ, ಕೊಡುತ್ತಾರೆ.

ಮಂಡ್ಯ ಟು ಚಿಬಾ:
ಮಂತ್ರದ ಕಡೆ ಸ್ವಲ್ಪ ಕಿವಿ ಕೊಡಿ. ಶಿಂಗೊನ್, ಝೆನ್ ಮನೆಯಾದರೆ ಕೊನೆಗೆ 'ಗ್ಯಾತೇ ಗ್ಯಾತೇ ಹರಾಗ್ಯಾತೇ' ಕೇಳಿಸಬಹುದು. ಅದು ಸಂಸ್ಕೃತದ 'ಗತೇ ಗತೇ ಪಾರಗತೇ'.

ಕವಾಸಾಕಿ ಹೊಸಬ:
ತುಂಬಾ ಥ್ಯಾಂಕ್ಸ್. ಕವರ್ ತಂದೆ, ಗೊಕೋದೆನ್ನೇ. ಟೈ ಪಕ್ಕದ ಮನೆಯವರದು. ಆಮೇಲೆ ಆಫೀಸಿನಲ್ಲಿ ಏನಾದರೂ ನೆನಪಿಡಬೇಕಾ?

ಯೊಕೊಹಾಮಾ ವಾಸಿ:
49 ದಿನ ಕಳೆದ ಮೇಲೆ ಟೀ ಪುಡಿಯೋ ಟವೆಲ್ಲೋ ಬರಬಹುದು. ಬೇಡ ಅನ್ನದೆ ಇಟ್ಟುಕೊಳ್ಳಿ. ಡಿಸೆಂಬರ್ ಹೊತ್ತಿಗೆ 'ಸೂತಕದಲ್ಲಿದ್ದೇವೆ' ಅನ್ನುವ ಕಾರ್ಡ್ ಬರುತ್ತದೆ. ಬರದಿದ್ದರೂ ಈ ಸಲ ಅವರಿಗೆ ಹೊಸ ವರ್ಷದ ಕಾರ್ಡ್ ಕಳಿಸಬೇಡಿ. ಜನವರಿಯಲ್ಲಿ ಎದುರು ಸಿಕ್ಕರೆ 'ಈ ವರ್ಷವೂ ನಿಮ್ಮ ಸಹಕಾರ ಇರಲಿ' ಅಂದರೆ ಸಾಕು, ಶುಭಾಶಯದ ಮಾತು ಬೇಡ.