‘ಲವಂಗದ ಎಲೆ’ ಯಾವ ಮರದ ಎಲೆ?

ಪಲಾವಿಗೆ ಹಾಕುವ ಒಣ ಎಲೆಯನ್ನು ನಮ್ಮಲ್ಲಿ ಹಲವರು ‘ಲವಂಗದ ಎಲೆ’ ಎನ್ನುತ್ತಾರೆ. ಪಶ್ಚಿಮ ಘಟ್ಟದ ಮಳೆಕಾಡಿನ ಮರಗಳ ಕಿರುಪರಿಚಯವೊಂದನ್ನು ಬರೆಯುವಾಗ ಈ ಹೆಸರು ನನ್ನನ್ನು ತಡೆದು ನಿಲ್ಲಿಸಿತು. ನಾನು ವರ್ಣಿಸಬೇಕಾಗಿದ್ದ ಮರ ಕಾಡುದಾಲ್ಚಿನ್ನಿ, ಅಂದರೆ ಸಸ್ಯಶಾಸ್ತ್ರದ ಸಿನ್ನಮೋಮಮ್ ಮಲಬಾಟ್ರಮ್. ಅದರ ಎಲೆಯೂ ಪಲಾವಿನ ಎಲೆಯ ಕುಲದ್ದೇ; ಆದರೆ ಲವಂಗಕ್ಕೂ ಅದಕ್ಕೂ ಕುಟುಂಬದ ನಂಟಿಲ್ಲ. ಲವಂಗ ನಮ್ಮ ನೇರಳೆಯ ಬಳಗದ್ದು, ದಾಲ್ಚಿನ್ನಿ ಲಾರೇಸಿಯೆ ಕುಟುಂಬದ್ದು.

ಎಲೆಯನ್ನು ಬೆಳಕಿಗೆ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ. ಲವಂಗದ ಮರದ ಎಲೆಗೆ ನಡುವೆ ಒಂದೇ ದೊಡ್ಡ ನರವಿದ್ದು, ಅದರಿಂದ ಸಣ್ಣ ನರಗಳು ಒತ್ತೊತ್ತಾಗಿ ಪಕ್ಕಕ್ಕೆ ಹೊರಡುತ್ತವೆ. ಕಾಡುದಾಲ್ಚಿನ್ನಿಯಲ್ಲಿ ತೊಟ್ಟಿನ ಬಳಿಯಿಂದಲೇ ಮೂರು ನರಗಳು ಎದ್ದು ಎಲೆಯ ಉದ್ದಕ್ಕೂ ತುದಿಯ ಕಡೆಗೆ ಸಾಗುತ್ತವೆ. ಎಲೆಗಳು ಎದುರುಬದುರಾಗಿ ಅಥವಾ ತುಸು ಹಿಂದುಮುಂದಾಗಿ ಕೂಡಿಕೊಂಡಿರುತ್ತವೆ. ಬಲಿತಾಗ ತೊಗಲಿನಂತೆ ದಪ್ಪ, ಚಿಗುರಿನಲ್ಲಿ ಕೆಂಪು. ಮೂರು ನರವೊಂದನ್ನೇ ನಂಬುವುದು ಮಾತ್ರ ಅಪಾಯ, ಏಕೆಂದರೆ ವಿಷದ ಕಾಸರಕದ ಎಲೆಯಲ್ಲಿಯೂ ಬುಡದಿಂದ ಹೊರಡುವ ಮೂರರಿಂದ ಐದು ನರಗಳಿರುತ್ತವೆ. ಹಿಸುಕಿದಾಗ ಏಳುವ ಮಸಾಲೆಯ ಕಂಪು ಅದಕ್ಕಿಲ್ಲ. ದಾಲ್ಚಿನ್ನಿಯ ಹೂಗಳು ಚಿಕ್ಕವು, ಮಾಸಲು ಬಣ್ಣದವು, ಗೊಂಚಲಾಗಿ ಬಿಡುತ್ತವೆ. ಅವುಗಳ ಪರಾಗಕೋಶ ಸೀಳಿಕೊಳ್ಳುವುದಿಲ್ಲ, ಪುಟ್ಟ ಮುಚ್ಚಳಗಳನ್ನು ಮೇಲೆತ್ತಿ ತೆರೆದುಕೊಳ್ಳುತ್ತದೆ. ಕಾಯಿ ಹೂವಿನ ಬುಡವೇ ಬೆಳೆದು ಆದ ಸಣ್ಣ ಬಟ್ಟಲಿನಲ್ಲಿ ಕುಳಿತಿರುತ್ತದೆ.

ಇದು ಆಗುಂಬೆಯಂಥ ಮಳೆ ಹೆಚ್ಚಿರುವ ನಿತ್ಯಹರಿದ್ವರ್ಣ ಕಾಡಿನ ಮರ. ಧೂಮ, ಸಾಲುಧೂಪಗಳಂಥ ಎತ್ತರದ ಮರಗಳು ಬಿಸಿಲನ್ನು ಹಿಡಿದುಕೊಂಡ ಮೇಲೆ ಉಳಿಯುವ ಮಬ್ಬು ಬೆಳಕಿನಲ್ಲಿ, ಕಾಡಿನ ಕೆಳಹಂತದಲ್ಲಿ ಅದು ನೆಮ್ಮದಿಯಾಗಿ ಬೆಳೆಯುತ್ತದೆ.

ಇನ್ನು ಹೆಸರಿನ ಮಾತು. ‘ಚಕ್ಕೆ, ಲವಂಗ’ ಎಂದು ಎರಡನ್ನೂ ಬೇರೆಬೇರೆಯಾಗಿ ಎಣಿಸುವ ಅಡುಗೆಮನೆಯೇ ಚಕ್ಕೆಯನ್ನು ‘ಲವಂಗಪಟ್ಟೆ’ ಎಂದೂ, ಅದೇ ಕುಲದ ಎಲೆಯನ್ನು ‘ಲವಂಗದ ಎಲೆ’ ಎಂದೂ ಕರೆಯುವುದನ್ನು ಬರಿಯ ತಪ್ಪೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಿಂಹಳದ ದಾಲ್ಚಿನ್ನಿಯ ಎಲೆಯಿಂದ ತೆಗೆದ ಎಣ್ಣೆಯಲ್ಲಿ ಯೂಜಿನಾಲ್ ಎಂಬ ಅಂಶವೇ ಪ್ರಧಾನ. ಲವಂಗದ ಕಂಪಿಗೂ ಅದೇ ಕಾರಣ. ತೊಗಟೆಯ ಎಣ್ಣೆಯಲ್ಲಿ ಪ್ರಧಾನವಾದದ್ದು ಬೇರೆ ಅಂಶ. ಹಾಗಾಗಿ ಎಲೆಯ ಹೆಸರನ್ನು ಮೂಗೇ ಇಟ್ಟಿತೆಂದು ನನ್ನ ಊಹೆ.

ಉಳಿದ ಹೆಸರುಗಳೂ ದೂರ ಸಂಚರಿಸಿವೆ. ದಾಲ್ಚಿನ್ನಿ ಎಂಬುದು ಪಾರಸಿಯ ‘ದಾರ್‌ಚೀನಿ’, ಅಂದರೆ ಚೀನಾದ ಮರ. ‘ಮಲಬಾಟ್ರಮ್’ ಎಂಬುದು ಮಲಬಾರಿನಿಂದ ಬಂದಂತೆ ಕೇಳಿಸುತ್ತದೆ, ಆದರೆ ಅದರ ಮೂಲ ಸಂಸ್ಕೃತದ ‘ತಮಾಲಪತ್ರ’. ಗ್ರೀಕರು ಮೊದಲಿನ ‘ತ’ಕಾರವನ್ನು ತಮ್ಮ ಭಾಷೆಯ ಬಹುವಚನದ ಉಪಪದವೆಂದು (ಇಂಗ್ಲಿಷಿನ ‘ದಿ’ಯಂತೆ ನಾಮಪದದ ಮುಂದೆ ಬರುವ ಪದವೆಂದು) ತಿಳಿದು ಬಿಟ್ಟದ್ದರಿಂದ ‘ಮಲಬಾತ್ರೊನ್’ ಉಳಿಯಿತೆಂದು ವಿದ್ವಾಂಸರು ವಿವರಿಸುತ್ತಾರೆ. ಕ್ರಿ.ಶ. 1ನೆಯ ಶತಮಾನದ ಗ್ರೀಕ್ ನಾವಿಕಗ್ರಂಥ ‘ಪೆರಿಪ್ಲಸ್’ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ ಹಡಗೇರುತ್ತಿದ್ದ ಸರಕುಗಳಲ್ಲಿ ಇದನ್ನು ಹೆಸರಿಸುತ್ತದೆ.

ನನ್ನ ಪರಿಚಯಬರಹದಲ್ಲಿ ‘ಲವಂಗದ ಎಲೆ’ಯನ್ನು ಅಡುಗೆಯ ಮಾತಾಗಿಯೇ ಉಳಿಸಿ, ಮರಕ್ಕೆ ‘ಕಾಡುದಾಲ್ಚಿನ್ನಿ’ ಎಂದು ಬರೆಯಲು ನಿರ್ಧರಿಸಿದ್ದೇನೆ. ಒಂದು ತೊಡಕು ಉಳಿದಿದೆ: ಘಟ್ಟದಲ್ಲಿ ಈ ಕುಲದ ಹಲವು ಕಾಡುಪ್ರಭೇದಗಳಿದ್ದು, ಎಲ್ಲಕ್ಕೂ ಇದೇ ಹೆಸರು ಸಲ್ಲುತ್ತದೆ. ಶಿರಸಿ, ತೀರ್ಥಹಳ್ಳಿ, ಕೊಡಗಿನ ಕಡೆ ಎಲೆ, ಮೊಗ್ಗು, ಚಕ್ಕೆಗಳನ್ನು ಕಾಡಿನಿಂದ ತರುವವರು ಇವುಗಳನ್ನು ಬೇರೆಬೇರೆ ಹೆಸರುಗಳಿಂದ ಗುರುತಿಸುತ್ತಾರೆಯೇ? ಬಲ್ಲವರು ಆ ಹೆಸರಿನ ಜೊತೆಗೆ ಎಲೆಯ ಅಗಲವನ್ನೂ ಚಿಗುರಿನ ಬಣ್ಣವನ್ನೂ ತಿಳಿಸಿದರೆ ಯಾವ ಹೆಸರು ಯಾವ ಮರದ್ದೆಂದು ಹೊಂದಿಸಿ ನೋಡಬಹುದು.