ನಮ್ಮ ಬೀದಿ ಹಿಂದಿನ ಹತ್ತಿ ಗೋದಾಮಿನಲ್ಲಿ 24 ಮನೆ: ಆಕ್ಷೇಪಣೆಗೆ ಇನ್ನು 11 ದಿನ ಇದೆ
(ಬಳ್ಳಾರಿಯ ನಮ್ಮ ಬೀದಿಯವರ ಗುಂಪಿನಲ್ಲಿ ನಡೆದ ಮಾತುಕತೆ)

ಮೂಲೆ ಮನೆ ಟೀಚರ್ · ಸೋಮವಾರ ರಾತ್ರಿ
ಎಲ್ಲರಿಗೂ ನಮಸ್ಕಾರ. ಹಪ್ಪಳ ಒಣಹಾಕೋಕೆ ಹಳೆ ಪೇಪರ್ ಹಾಸುತ್ತಿದ್ದೆ. ಗುರುವಾರದ ಪೇಪರಿನ ಒಳಪುಟದಲ್ಲಿ ನಮ್ಮ ಸರ್ವೆ ನಂಬರ್ ಕಣ್ಣಿಗೆ ಬಿತ್ತು. ನಗರಾಭಿವೃದ್ಧಿ ಪ್ರಾಧಿಕಾರದ ಪ್ರಕಟಣೆ. ನಮ್ಮ ಬೀದಿಯ ಹಿಂದಿರುವ ಹತ್ತಿ ಗೋದಾಮಿನ ಜಾಗವನ್ನು ಕೈಗಾರಿಕೆ ಬಳಕೆಯಿಂದ ವಸತಿ ಬಳಕೆಗೆ ಬದಲಾಯಿಸಬೇಕು ಅಂತ ಅರ್ಜಿ ಬಂದಿದೆಯಂತೆ. ಆಕ್ಷೇಪಣೆ ಇದ್ದರೆ 15 ದಿನದೊಳಗೆ ಬರೆದು ಕೊಡಬೇಕು. ನಾಲ್ಕು ದಿನ ಆಗಲೇ ಹೋಯಿತು. ಫೋಟೋ ಹಾಕಿದ್ದೇನೆ, ಎಣ್ಣೆ ಕಲೆ ಇದೆ, ಓದಲಿಕ್ಕೆ ಬರುತ್ತದೆ.

ಪಾರ್ಕ್ ಎದುರಿನ ಮನೆ
ಸುತಾರಾಂ ಬಿಡಬಾರದು. ಅಪಾರ್ಟ್‌ಮೆಂಟ್ ಅಂದ್ರೆ ಎಲ್ಲೆಲ್ಲಿಂದಲೋ ಜನ ಬಂದು ಸೇರುತ್ತಾರೆ. ಬ್ಯಾಚುಲರ್‌ಗಳು, ರಾತ್ರಿ ಎಲ್ಲ ಬೈಕ್ ಸದ್ದು. ಡಿಸಿ ಆಫೀಸ್ ಮುಂದೆ ಧರಣಿ ಕೂರೋಣ. ಶಾಮಿಯಾನ ನಾನು ಹಾಕಿಸುತ್ತೇನೆ.

2ನೇ ಅಡ್ಡರಸ್ತೆ, ಮಹಡಿ ಮನೆ
ಅಂಕಲ್, ನಾನೂ ಎಲ್ಲಿಂದಲೋ ಬಂದವಳೇ. ಸಿಂಧನೂರು. ನಿಮ್ಮ ಪಕ್ಕದ ಮನೆ ಮಹಡಿ ಮೇಲೆ ಎರಡು ವರ್ಷದಿಂದ ಇದ್ದೇನೆ, ಮೊನ್ನೆ ಆಂಟಿ ಬಿಪಿ ನೋಡಿದ್ದೂ ನಾನೇ. ಆಸ್ಪತ್ರೆ ನೈಟ್ ಡ್ಯೂಟಿ ಮಾಡೋ ಹುಡುಗಿ ಅಂದ್ರೆ ಬಳ್ಳಾರಿಯಲ್ಲಿ ಮನೆ ಸಿಗೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಏಳು ಮನೆ ನೋಡಿದ ಮೇಲೆ ಇದು ಸಿಕ್ಕಿದ್ದು. ಮನೆ ಜಾಸ್ತಿ ಆಗೋದು ಬೇಡ ಅಂತ ಬರೆದರೆ ನಾನು ಸಹಿ ಹಾಕೋದಿಲ್ಲ.

ಪಾರ್ಕ್ ಎದುರಿನ ಮನೆ
ನಿನ್ನ ಬಗ್ಗೆ ಹೇಳಿದ್ದಲ್ಲಮ್ಮಾ.

ನಿವೃತ್ತ ಜೆಇ (ಜೂನಿಯರ್ ಎಂಜಿನಿಯರ್), 3ನೇ ಅಡ್ಡರಸ್ತೆ
ಆಕೆ ಹೇಳಿದ್ದು ಸರಿ ಇದೆ. ಯಾರು ಬಂದು ಇರುತ್ತಾರೆ ಅನ್ನೋದು ಆಕ್ಷೇಪಣೆಯೇ ಅಲ್ಲ. ಆ ಸಾಲು ಕಂಡರೆ ನಮ್ಮ ಇಡೀ ಅರ್ಜಿಯನ್ನೇ ಪಕ್ಕಕ್ಕೆ ಇಡುತ್ತಾರೆ.

ಮೊದಲು ಇದು ಏನು ಅಂತ ತಿಳಿಯೋಣ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961, ಅದರ 14ಎ ಕಲಂ. ಮಾಸ್ಟರ್ ಪ್ಲಾನಿನಲ್ಲಿ ಒಂದು ಜಾಗಕ್ಕೆ ಗುರುತಿಸಿದ ಬಳಕೆಯನ್ನು ಬದಲಾಯಿಸಬೇಕಾದರೆ ಅದು ಸಾರ್ವಜನಿಕರ ಹಿತಕ್ಕೆ ಆಗಿರಬೇಕು, ಪೇಪರಿನಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ನಕ್ಷೆಯಲ್ಲಿ ಹಳದಿ ಅಂದರೆ ವಸತಿ, ನೇರಳೆ ಅಂದರೆ ಕೈಗಾರಿಕೆ. ಸುತ್ತ ಹಳದಿ, ನಡುವೆ ಆ ಗೋದಾಮು ಮಾತ್ರ ನೇರಳೆ. ಅದು ಹಳದಿ ಆಗೋದು ನಮಗೆ ನಷ್ಟವೇ? ನಾಳೆ ಅಲ್ಲೇ ಜೀನ್ಸ್ ವಾಷಿಂಗ್ ಘಟಕ ಬಂದರೆ ಏನು ಮಾಡುತ್ತೀರಿ? ಬಣ್ಣದ ನೀರು ನಮ್ಮ ಚರಂಡಿಯಲ್ಲೇ ಹರಿಯಬೇಕಲ್ಲ.

ಹಾಗಾಗಿ ಬೇಡ ಅನ್ನೋದಕ್ಕಿಂತ ಹೇಗೆ, ಎಷ್ಟು ಅಂತ ಕೇಳೋಣ. ಧರಣಿ ಆಮೇಲೆ. ಮೊದಲು ಫೈಲ್ ನೋಡಬೇಕು.

ಜೀನ್ಸ್ ಯೂನಿಟ್, ಮೇನ್ ರೋಡ್
ಅಣ್ಣಾ, ಆರ್‌ಟಿಐ ಹಾಕಿದ್ರೆ? ಹತ್ತು ರೂಪಾಯಿ ಅಷ್ಟೇ ಅಲ್ವಾ.

ನಿವೃತ್ತ ಜೆಇ
ಆರ್‌ಟಿಐ ಉತ್ತರಕ್ಕೆ 30 ದಿನ ಟೈಮ್ ಇದೆ. ನಮಗಿರೋದು 11. ಕಚೇರಿ ವೇಳೆಯಲ್ಲಿ ಬಂದು ನೋಡಬಹುದು ಅಂತ ಪ್ರಕಟಣೆಯಲ್ಲೇ ಇದೆ. ಬುಧವಾರ ನಾನು ಹೋಗುತ್ತೇನೆ. ಟೀಚರ್ ಬನ್ನಿ, ನಿಮ್ಮ ಅಕ್ಷರ ಚೆನ್ನಾಗಿದೆ.

ಮೂಲೆ ಮನೆ ಟೀಚರ್ · ಬುಧವಾರ ಸಂಜೆ
ಹೋಗಿ ಬಂದೆವು. ಫೈಲ್ ತೋರಿಸಿದರು, ಕೂತು ಬರೆದುಕೊಳ್ಳೋಕೆ ಕುರ್ಚಿಯನ್ನೂ ಕೊಟ್ಟರು. ಅರ್ಜಿ ಜತೆ ಕಟ್ಟಡದ ನಕ್ಷೆ ಇದೆ. ಹಳೆ ಗೋಡೆಗಳನ್ನು ಉಳಿಸಿಕೊಂಡು, ಮೇಲಿನ ಶೀಟ್ ತೆಗೆದು, ನೆಲಮಹಡಿ ಸೇರಿ ಮೂರು ಅಂತಸ್ತು, ಅಂತಸ್ತಿಗೆ ಎಂಟು ಮನೆ. ಉಳಿದದ್ದು ಸರ್ ಬರೆಯುತ್ತಾರೆ. ನನಗೆ ಆ ಗೆರೆಗಳು ನೋಡಿ ತಲೆ ತಿರುಗಿತು.

ನಿವೃತ್ತ ಜೆಇ
ನೀರಿನಿಂದ ಶುರು ಮಾಡುತ್ತೇನೆ, ಬಳ್ಳಾರಿಯಲ್ಲಿ ಬೇರೆ ಯಾವುದರಿಂದ ಶುರು ಮಾಡೋದು.

24 ಮನೆ, ಮನೆಗೆ ಐದು ಜನ ಅಂದರೆ 120 ಜನ. ನಗರದ ನೀರು ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯುತ್ತಾರೆ. ದಿನಕ್ಕೆ 16,200 ಲೀಟರ್ ಆಯಿತು. ನಮ್ಮ ಬೀದಿಗೆ ನೀರು ಬಿಡೋದು ಎಂಟು ದಿನಕ್ಕೊಮ್ಮೆ. ಎಂಟು ದಿನಕ್ಕೆ 1,29,600 ಲೀಟರ್ ಬೇಕು. ನಕ್ಷೆಯಲ್ಲಿ ತೋರಿಸಿರೋ ಸಂಪು 50,000 ಲೀಟರಿನದು. ಮೂರು ದಿನಕ್ಕೆ ಖಾಲಿ. ಉಳಿದ ಐದು ದಿನಕ್ಕೆ 5,000 ಲೀಟರಿನ ಟ್ಯಾಂಕರ್ 16 ಬೇಕಾಗುತ್ತದೆ, ಅವೆಲ್ಲ ನಮ್ಮ 20 ಅಡಿ ರಸ್ತೆಯಲ್ಲೇ ಬರಬೇಕು. ಬೋರ್ ಹೊಡೆಸಿದರೆ ನಮ್ಮೆಲ್ಲರ ಬೋರ್ ಕಥೆ ಏನು, ಅದನ್ನೂ ಕೇಳಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ, ಈ ವರ್ಷ ನಮಗೆ ಕುಡಿಯೋ ನೀರು ಕೊಡೋ ಅಲ್ಲೀಪುರ ಕೆರೆ ಗತಿ ಏನು ಅಂತ ನಾವೆಲ್ಲ ಟಿವಿ ಮುಂದೆ ಕೂತಿದ್ದು ಮರೆತಿಲ್ಲ ಅಲ್ವಾ.

ಎರಡನೇದು ಒಳಗಿನ ರೂಮುಗಳು. ಗೋದಾಮು 60 ಅಡಿ ಅಗಲ. ಹತ್ತಿ ಅಂಡಿಗೆ ಇಡೋಕೆ ಕಟ್ಟಿದ್ದು, ಮನುಷ್ಯರಿಗಲ್ಲ. ಎರಡೂ ಬದಿಯ ರೂಮುಗಳಿಗೆ ಕಿಟಕಿ ಇದೆ. ನಡುವಿನ ರೂಮುಗಳಿಗೆ ಹೊರಗೋಡೆಯೇ ಇಲ್ಲ, ಕಿಟಕಿ ತೆರೆಯೋದು ಓಣಿಯಂಥ ಪ್ಯಾಸೇಜಿಗೆ. ಹೀಗೆ ಅಂತಸ್ತಿಗೆ ಆರು ರೂಮು ಎಣಿಸಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಮನೆಯ ಒಂದು ವಾಸದ ರೂಮಾದರೂ 9.5 ಚದರ ಮೀಟರಿಗಿಂತ ಕಡಿಮೆ ಇರಬಾರದು. ನಮ್ಮಂಥ ಒಣ ಬಿಸಿಲಿನ ಊರಲ್ಲಿ ನೆಲದ ಹತ್ತನೇ ಒಂದು ಭಾಗದಷ್ಟಾದರೂ ಗಾಳಿ ಬೆಳಕಿಗೆ ತೆರೆದಿರಬೇಕು. ಅಂದರೆ ಅಷ್ಟು ಚಿಕ್ಕ ರೂಮಿಗೂ ಸುಮಾರು ಹತ್ತು ಚದರ ಅಡಿ, ಅದೂ ಹೊರಗಿನ ಗಾಳಿಗೆ. ಏಪ್ರಿಲ್ ತಿಂಗಳಲ್ಲಿ ಕರೆಂಟ್ ಹೋದಾಗ ಆ ನಡುವಿನ ರೂಮಲ್ಲಿ ಮಗು ಮಲಗಿಸೋದು ಯೋಚನೆ ಮಾಡಿ. ನಡುವೆ ಆಕಾಶ ಕಾಣೋ ಹಾಗೆ ಒಂದು ತೊಟ್ಟಿ ಬಿಟ್ಟರೆ ಮೂರೋ ನಾಲ್ಕೋ ಮನೆ ಕಡಿಮೆ ಆಗುತ್ತವೆ, ಉಳಿದವು ಮನೆ ಅನ್ನಿಸಿಕೊಳ್ಳುತ್ತವೆ.

2ನೇ ಅಡ್ಡರಸ್ತೆ, ಮಹಡಿ ಮನೆ
ಸರ್, ಇದಕ್ಕೆ ನಾನು ಸಹಿ ಹಾಕುತ್ತೇನೆ. ಹಗಲು ಮಲಗೋ ನನ್ನಂಥವರಿಗೇ ಅಂಥ ರೂಮು ಕೊಡೋದು, ಕತ್ತಲೆ ಇದೆ, ಒಳ್ಳೇದೇ ಅಲ್ವಾ ಅಂತ. ಇನ್ನೊಂದು, ಮೇಲಿನ ಶೀಟ್ ಹಳೆ ಕಾಲದ ಸಿಮೆಂಟ್ ಶೀಟ್. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒಡೆದರೆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಕಾಯಿಲೆ ಕಾಣೋದು ಎಷ್ಟೋ ವರ್ಷದ ಮೇಲೆ. ನೀರು ಹಾಕಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಬೇಕು ಅಂತ ಬರೆಯಿರಿ. ಇಳಿಸೋ ಕೂಲಿಯವರಿಗೂ ಮಾಸ್ಕ್ ಬೇಕು.

ಕಿರಾಣಿ ಅಂಗಡಿ
ನನಗೆ 24 ಮನೆ ಬಂದರೆ ಲಾಭವೇ, ಸುಳ್ಳು ಯಾಕೆ ಹೇಳಲಿ. ಆದರೆ ಹೋದ ಮಳೆಗಾಲ ಮ್ಯಾನ್‌ಹೋಲ್ ಉಕ್ಕಿ ಅಕ್ಕಿ ಮೂಟೆ ಎರಡು ಹೋಯಿತು ನಂದು. ಆ ಪೈಪಿಗೆ ಇನ್ನೂ 24 ಮನೆ ಜೋಡಿಸಿದರೆ ಅಂಗಡಿ ಮಾಳಿಗೆ ಮೇಲೆ ಇಡಬೇಕು. ಆ ಫೋಟೋ ಇದೆ, ಹಾಕುತ್ತೇನೆ.

ನಿವೃತ್ತ ಜೆಇ
ಹಾಕಿ, ತಾರೀಖು ಸಮೇತ. ನೂರು ಮಾತಿಗಿಂತ ಅದು ಗಟ್ಟಿ.

ಜೀನ್ಸ್ ಯೂನಿಟ್
ಒಂದು ಮಾತು, ಯಾರೂ ಬೇಜಾರು ಮಾಡ್ಕೋಬೇಡಿ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಟ್ಟಿಲ್ಲ ಅಂತಲೂ ಬರೆಯುತ್ತೀರಾ? ಅಳತೆ ಟೇಪ್ ಹಿಡಿದು ಬಂದವರು ನಮ್ಮ ಮನೆಗಳ ಕಡೆಗೂ ತಿರುಗಿದರೆ? ನಮ್ಮ ಬೀದಿಯಲ್ಲಿ ಪೂರ್ತಿ ಬಿಟ್ಟವರು ಯಾರಿದ್ದಾರೆ ಹೇಳಿ.

(ಇದಾದ ಮೇಲೆ ಎರಡು ಗಂಟೆ ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ.)

ನಿವೃತ್ತ ಜೆಇ
ನನ್ನ ಮನೆ ಎಡಗಡೆ ಒಂದೂವರೆ ಅಡಿ ಕಡಿಮೆ ಇದೆ. ಜೆಇ ಆಗಿದ್ದವನ ಮನೆ! ಮೆಟ್ಟಿಲು ಹೊರಗೆ ಬೇಕು ಅಂತ ಮನೆಯವರು ಹಟ ಹಿಡಿದರು, ಬಿಡಿ. ನೋಟಿಸ್ ಬಂದರೆ ಬರಲಿ. ಆ ಭಯಕ್ಕೆ 120 ಜನ ಇರೋ ಕಟ್ಟಡಕ್ಕೆ ಫೈರ್ ಎಂಜಿನ್ ಹೋಗೋಕೆ ದಾರಿ ಇದೆಯಾ ಅಂತ ಕೇಳದೆ ಇರೋದು ನನಗೆ ಆಗೋದಿಲ್ಲ.

ಆದರೆ ಒಂದು ನೆನಪಿಡಿ. ಈಗಿನದು ಭೂಬಳಕೆ ಬದಲಾವಣೆ ಮಾತ್ರ. ಕಟ್ಟಡದ ಪರವಾನಗಿ ಆಮೇಲೆ ಪಾಲಿಕೆಯಲ್ಲಿ, ಅದಕ್ಕೆ ಪೇಪರ್ ಪ್ರಕಟಣೆ ಇರೋದಿಲ್ಲ. ಅದಕ್ಕೇ ಈ ಆಕ್ಷೇಪಣೆಯ ಪ್ರತಿಯನ್ನು ಪಾಲಿಕೆ ಆಯುಕ್ತರಿಗೂ ಕೊಡೋಣ. ಸೆಟ್‌ಬ್ಯಾಕ್, ಪಾರ್ಕಿಂಗ್ ಅಲ್ಲಿನ ಮಾತು. ಇನ್ನು ಫ್ಲ್ಯಾಟ್ ಮಾರುವುದಾದರೆ ಎಂಟಕ್ಕಿಂತ ಜಾಸ್ತಿ ಇರೋದರಿಂದ ರೇರಾ (ಫ್ಲ್ಯಾಟ್ ಕೊಳ್ಳುವವರ ಹಿತ ಕಾಯೋ ಪ್ರಾಧಿಕಾರ) ನೋಂದಣಿ ಬೇಕು. ಬರೀ ಬಾಡಿಗೆಗೆ ಅಂದರೆ ರೇರಾ ಬರೋದಿಲ್ಲ. ಅರ್ಜಿಯಲ್ಲಿ ಯಾವುದು ಅಂತ ಹೇಳೇ ಇಲ್ಲ, ಕೇಳೋಣ. ಕಟ್ಟಿದ ಮೇಲೆ ವಾಸಯೋಗ್ಯ ಪತ್ರ ಇಲ್ಲದೆ ಕರೆಂಟ್, ನೀರಿನ ಕನೆಕ್ಷನ್ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದೆ. ಆ ಹಂತದಲ್ಲೂ ನಾವು ಎದ್ದಿರಬೇಕು.

ಪಾರ್ಕ್ ಎದುರಿನ ಮನೆ
ಹಾಗಾದ್ರೆ ಶಾಮಿಯಾನ ಬೇಡವಾ?

ಮೂಲೆ ಮನೆ ಟೀಚರ್
ಬೇಡ ಅಣ್ಣಾ, ಪ್ರಿಂಟರ್ ಬೇಕು. ನಿಮ್ಮ ಮಗನ ಹತ್ತಿರ ಇದೆಯಲ್ಲ. ಒಂದೇ ಅರ್ಜಿಗೆ ಎಲ್ಲರೂ ಸಹಿ ಹಾಕೋದು ಬೇಡ, ಮನೆಗೊಂದು ಅರ್ಜಿ ಇರಲಿ. ನೀರು, ಯುಜಿಡಿ (ಒಳಚರಂಡಿ), ಗಾಳಿ ಬೆಳಕು, ಶೀಟ್ ಇಳಿಸೋದು ಎಲ್ಲರದರಲ್ಲೂ ಇರುತ್ತದೆ. ಕೆಳಗೆ ನಾಲ್ಕು ಸಾಲು ಖಾಲಿ ಬಿಟ್ಟಿದ್ದೇನೆ. ಅಲ್ಲಿ ನಿಮ್ಮ ಮನೆಗೆ ಆಗೋ ತೊಂದರೆ ನಿಮ್ಮ ಕೈಯಲ್ಲೇ ಬರೆಯಿರಿ. ಬ್ಯಾಚುಲರ್ ಅನ್ನೋ ಪದ ಬರೆಯಬೇಡಿ, ನಾನು ಕೆಂಪು ಪೆನ್ ಹಿಡಿದು ಕೂತಿರುತ್ತೇನೆ.

ಮೂಲೆ ಮನೆ ಟೀಚರ್ · ಮುಂದಿನ ಮಂಗಳವಾರ
ಪ್ರಾಧಿಕಾರದ ಟಪಾಲು ವಿಭಾಗದಲ್ಲಿ 31 ಅರ್ಜಿ ಕೊಟ್ಟೆವು, ಎಲ್ಲದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದೇನೆ. ಪ್ರತಿಗಳು ನಮ್ಮ ಮನೆಯಲ್ಲಿವೆ, ಬಂದು ತಗೊಂಡು ಹೋಗಿ. ಪಾರ್ಕ್ ಎದುರಿನ ಅಣ್ಣನ ಅರ್ಜಿ ಮಾತ್ರ ವಾಪಸ್ ಬಂತು. ಎಲ್ಲರದ್ದೂ ಪ್ರಿಂಟ್ ಹಾಕಿಸಿಕೊಟ್ಟು ತಮ್ಮದಕ್ಕೆ ಸಹಿ ಹಾಕೋದೇ ಮರೆತಿದ್ದಾರೆ. ಶುಕ್ರವಾರ ಕೊನೆ ದಿನ. ನಾಳೆ ಬೆಳಿಗ್ಗೆ ಹತ್ತಕ್ಕೆ ಪೆನ್ ತಗೊಂಡು ಗೇಟ್ ಹತ್ತಿರ ಬನ್ನಿ ಅಣ್ಣಾ, ಒಟ್ಟಿಗೆ ಹೋಗೋಣ.