ಕಾಸರಗೋಡಿನ ಬದಿಯಡ್ಕದ ಹಾವು-ಹಕ್ಕಿ ಗ್ರೂಪು: ಹೊಸಬರು ಉಳಿಯುವುದು ಹೇಗೆ?

ಪ್ರಶ್ನೆ: ತೋಟದಲ್ಲಿ ಕಂಡ ಹಾವು, ಹಕ್ಕಿಗಳ ಫೋಟೋ ಹಾಕಲು ವಾಟ್ಸಾಪ್ ಗ್ರೂಪ್ ಇದೆ. "ಇದೂ ಗೊತ್ತಿಲ್ವಾ?" ಅಂತ ಒಬ್ಬರು ಕೊಂಕಾಡಿದರೆ ಹೊಸಬರು ಮತ್ತೆ ಬಾಯಿ ಬಿಡುವುದಿಲ್ಲ. ಏನು ಮಾಡೋಣ?

ಉತ್ತರ 1: ಬರೀ ಹೆಸರಲ್ಲ, ಗುರುತೂ ಹೇಳಿ. ವಿಷದ ಕಟ್ಟುಹಾವಿನ ಬಿಳಿ ಪಟ್ಟೆ ಹೆಚ್ಚಾಗಿ ಜೋಡಿಜೋಡಿ, ಕುತ್ತಿಗೆ ಹತ್ತಿರ ಮಾಸಲು. ಬೆನ್ನ ನಡುವಿನ ಹುರುಪೆ ದೊಡ್ಡದು, ಆರು ಮೂಲೆಯದು. ವಿಷವಿಲ್ಲದ ತೋಳಹಾವಿನ ಪಟ್ಟೆ ಕುತ್ತಿಗೆಯಿಂದಲೇ ಶುರು, ಬಾಲದತ್ತ ಮಾಸುತ್ತದೆ. ಹುರುಪೆ ನೋಡಲು ಹತ್ತಿರ ಹೋಗಬೇಡಿ ಮಾರಾಯ್ರೇ, ಝೂಮ್ ಮಾಡಿ.

ಉತ್ತರ 2: ಮಲಯಾಳದ ವೆಳ್ಳಿಕೆಟ್ಟನ್ ನಮ್ಮ ಕಟ್ಟುಹಾವೇ, ಎರಡೂ ಹೆಸರು ಬರೆಯಿರಿ. ಹಾವು ಮನೆಯೊಳಗಿದ್ದರೆ ಚರ್ಚೆ ಬೇಡ, ಹಾವು ಹಿಡಿಯುವವರನ್ನು ಕರೆಯಲು ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆಪ್ ತೆರೆಯಿರಿ.

ಉತ್ತರ 3: ಗೂಡು, ಚಿಪ್ಪುಹಂದಿ ಕಂಡರೆ ಜಾಗ ಹೇಳಲು ಪಂಚಾಯತ್ ಹೆಸರಷ್ಟೇ ಸಾಕು. ಫೋಟೋವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅದರೊಳಗಿನ ಜಿಪಿಎಸ್ ಜಾಗದ ಗುರುತು ಕೂಡ ಹೋಗುತ್ತದೆ. ಬೇಟೆಯವರಿಗೆ ಅಷ್ಟು ಸಾಕು.